ಮನೆ ಕಿಟಕಿ ಬದಲಾಯಿಸಲು ಪರ್ಮಿಟ್ ಬೇಕೇ? ಕ್ಯಾಲಿಫೋರ್ನಿಯಾದ ಮನೆ ಮಾಲೀಕರ ಪ್ರಶ್ನೋತ್ತರ

ಪ್ರಶ್ನೆ (ಸ್ಯಾನ್ ಹೊಸೆ): ನಮಸ್ಕಾರ ಸರ್. ನಮ್ಮದು 1972ರ ಒಂದೇ ಅಂತಸ್ತಿನ ಮನೆ, ಹೊರಗೋಡೆ ಸ್ಟಕೊ (ಸಿಮೆಂಟ್ ಗಾರೆ). ಒಂಟಿ ಗಾಜಿನ ಅಲ್ಯೂಮಿನಿಯಂ ಸ್ಲೈಡರ್ (ಪಕ್ಕಕ್ಕೆ ಜಾರಿಸುವ ಕಿಟಕಿ) 9 ಇವೆ, ಎಲ್ಲ ತೆಗೆಸಿ ವಿನೈಲ್ ಫ್ರೇಮಿನ ಡಬಲ್ ಪೇನ್ (ಜೋಡಿ ಗಾಜು) ಹಾಕಿಸಬೇಕು. ಕೊಟೇಶನ್ ಕೊಟ್ಟವರಲ್ಲಿ ಒಬ್ಬರು "ಗೋಡೆ ಮುಟ್ಟಲ್ಲ, ಬರೀ ರೆಟ್ರೋಫಿಟ್, ಅಂದ್ರೆ ಹಳೆ ಫ್ರೇಮ್ ಒಳಗೇ ಹೊಸ ಕಿಟಕಿ, ಪರ್ಮಿಟ್ ಬೇಡ" ಅಂತಾರೆ. ಇನ್ನೊಬ್ಬರು "ಬೇಕು, ಆದ್ರೆ ಮಾಲೀಕರ ಹೆಸರಲ್ಲಿ ನೀವೇ ತಗೊಳ್ಳಿ" ಅಂತಾರೆ. ಯಾರ ಮಾತು ಕೇಳೋದು?

ಉತ್ತರ (ಕಿಟಕಿ ಕಾಂಟ್ರ್ಯಾಕ್ಟರ್): ಇಬ್ಬರದ್ದೂ ಬೇಡ. ಕ್ಯಾಲಿಫೋರ್ನಿಯಾ ರೆಸಿಡೆನ್ಶಿಯಲ್ ಕೋಡ್‌ನಲ್ಲಿ ಪರ್ಮಿಟ್ ಬೇಡದ ಕೆಲಸಗಳ ಪಟ್ಟಿಯೇ ಇದೆ. ಬಣ್ಣ, ಟೈಲ್ಸ್, ಕಾರ್ಪೆಟ್, ಕ್ಯಾಬಿನೆಟ್ ಅದರಲ್ಲಿವೆ, ಕಿಟಕಿ ಬದಲಾವಣೆ ಇಲ್ಲ. ಗೋಡೆ ಒಡೆಯದಿದ್ದರೂ ಪರ್ಮಿಟ್ ಬೇಕು. ರೆಟ್ರೋಫಿಟ್ ಆದರೆ ಸಾಮಾನ್ಯವಾಗಿ ನಕ್ಷೆ ಕೇಳುವುದಿಲ್ಲ, ಕಿಟಕಿಗಳ ಪಟ್ಟಿ ಮತ್ತು ಅಳತೆ ಸಾಕಾಗುತ್ತದೆ. ಗೋಡೆಯ ತೆರಪು ದೊಡ್ಡದು ಮಾಡಿ ಹೆಡರ್ (ಕಿಟಕಿ ಮೇಲೆ ಭಾರ ಹೊರುವ ಅಡ್ಡ ತೊಲೆ) ಕತ್ತರಿಸಿದರೆ ಕಥೆ ಬೇರೆ. ಆಗ ನಕ್ಷೆ ಬೇಕು, ಕೆಲವೊಮ್ಮೆ ಸ್ಟ್ರಕ್ಚರಲ್ ಲೆಕ್ಕವೂ ಬೇಕು.

ಎರಡನೆಯವರ ಮಾತು ಇನ್ನೂ ಅಪಾಯ. ಓನರ್-ಬಿಲ್ಡರ್, ಅಂದರೆ ಕೆಲಸ ಮಾಡಿಸುವ ಮಾಲೀಕ ನಾನೇ ಅಂತ ಸಹಿ ಹಾಕಿದರೆ ಕೆಲಸದ ತಪ್ಪಿಗೂ ಕೆಲಸಗಾರರಿಗೆ ಪೆಟ್ಟಾದರೂ ಹೊಣೆ ನಿಮ್ಮ ತಲೆಗೇ ಬರಬಹುದು. ಲೈಸೆನ್ಸ್ ಇರುವವರು ತಮ್ಮ ಹೆಸರಲ್ಲೇ ತೆಗೆಯುತ್ತಾರೆ. ಕಿಟಕಿ ಗಾಜಿನ ಕೆಲಸಕ್ಕೆ ಸಿ-17 ಲೈಸೆನ್ಸ್, ರಾಜ್ಯದ ಲೈಸೆನ್ಸ್ ಬೋರ್ಡ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ. ಮುಂಗಡ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. "ಅರ್ಧ ದುಡ್ಡು ಮೊದಲೇ ಕೊಡಿ" ಅಂದರೆ ಅಲ್ಲಿಗೇ ಕೈಮುಗಿಯಿರಿ.

ನಿಮ್ಮ ಮನೆ 1978ಕ್ಕಿಂತ ಹಳೆಯದು, ಅಂದರೆ ಸೀಸದ ಬಣ್ಣ ಇರಬಹುದು. ಪರೀಕ್ಷೆಯಲ್ಲಿ ಸೀಸ ಇಲ್ಲ ಅಂತ ಬರದ ಹೊರತು ಇಪಿಎಯ (ಫೆಡರಲ್ ಪರಿಸರ ಸಂಸ್ಥೆ) ಲೆಡ್-ಸೇಫ್ ಸರ್ಟಿಫಿಕೇಟ್ ಇರುವ ಕಂಪನಿಯೇ ಈ ಕೆಲಸ ಮಾಡಬೇಕು. ಒಳಗಿನ ಚಿಕ್ಕಪುಟ್ಟ ರಿಪೇರಿಗೆ ಇರುವ 6 ಚದರಡಿ ವಿನಾಯಿತಿ ಕಿಟಕಿ ಬದಲಾವಣೆಗೆ ಇಲ್ಲ.

ಪ್ರಶ್ನೆ (ಅದೇ ಮನೆ): ಥ್ಯಾಂಕ್ಸ್ ಸರ್. ಇನ್‌ಸ್ಪೆಕ್ಟರ್ ಬಂದರೆ ಏನೇನು ನೋಡ್ತಾರೆ? ಬೆಡ್‌ರೂಮ್ ಕಿಟಕಿ 3 ಅಡಿ ಅಗಲ, 4 ಅಡಿ ಎತ್ತರ ಇದೆ. ಮತ್ತೆ ಸ್ಲೈಡರ್ ಹಾಕಿದ್ರೆ ನಡೆಯುತ್ತಾ?

ಉತ್ತರ: ಮೊದಲು ಬೆಡ್‌ರೂಮ್, ಹೆಚ್ಚಿನವರು ಎಡವುವುದು ಅಲ್ಲೇ. ಬೆಂಕಿ ಬಿದ್ದಾಗ ಒಳಗಿನವರು ಹೊರಬರಲು, ಅಗ್ನಿಶಾಮಕದವರು ಒಳಬರಲು ಪ್ರತಿ ಬೆಡ್‌ರೂಮಿಗೂ ಹೊರಗೆ ತೆರೆಯುವ ಬಾಗಿಲು ಅಥವಾ ಸಾಕಷ್ಟು ದೊಡ್ಡ ಕಿಟಕಿ ಇರಬೇಕು. ಕಿಟಕಿ ಪೂರ್ತಿ ತೆರೆದಾಗ ಅಗಲ 20 ಇಂಚು, ಎತ್ತರ 24 ಇಂಚು, ಒಟ್ಟು 5.7 ಚದರಡಿ ಸಿಗಬೇಕು. ನೆಲಮಟ್ಟದ ಕಿಟಕಿಗೆ 5 ಚದರಡಿ ಸಾಕು. ತೆರಪಿನ ಕೆಳ ಅಂಚು ಕೋಣೆಯ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. 20ನ್ನು 24ರಿಂದ ಗುಣಿಸಿದರೆ ಬರುವುದು 3.3 ಚದರಡಿ ಮಾತ್ರ. ಅಗಲ 20 ಇಂಚೇ ಇದ್ದರೆ ನೆಲಮಟ್ಟದಲ್ಲಿ ಎತ್ತರ 36 ಇಂಚಾದರೂ ಬೇಕು, ಮಹಡಿಯಲ್ಲಿ 41ಕ್ಕೂ ತುಸು ಹೆಚ್ಚು.

ನಿಮ್ಮ 36 ಇಂಚಿನ ಅಗಲದಲ್ಲಿ ಸ್ಲೈಡರ್ ಅರ್ಧವೇ ತೆರೆಯುತ್ತದೆ. ಫ್ರೇಮ್ ಕಳೆದರೆ ಸಿಗುವುದು 15-16 ಇಂಚು. ಅದರಲ್ಲೂ ಹಳೆಯ ಅಲ್ಯೂಮಿನಿಯಂ ಫ್ರೇಮ್ ಒಳಗೇ ಹೊಸದನ್ನು ಕೂರಿಸಿದರೆ ಇನ್ನಷ್ಟು ಕಿರಿದಾಗುತ್ತದೆ. ಬಾಗಿಲಿನಂತೆ ಹೊರಕ್ಕೆ ತೆರೆಯುವ ಒಂಟಿ ಕೇಸ್‌ಮೆಂಟ್ ಕಿಟಕಿ ಹಾಕಿಸಿ, ಆರ್ಡರ್ ಕೊಡುವಾಗ "ಈಗ್ರೆಸ್ ಹಿಂಜ್" (ತೆರಪು ಪೂರ್ತಿ ಬಿಟ್ಟುಕೊಡುವ ತಿರುಗಣೆ) ಅಂತ ಬರೆಸಿ. ಮಾಮೂಲಿ ಹಿಂಜ್ ಆದರೆ ತೆರೆದ ಕಿಟಕಿ ಬಾಗಿಲೇ ದಾರಿಗೆ ಅಡ್ಡ ನಿಲ್ಲುತ್ತದೆ. ಇದ್ದ ಅಳತೆಗೆ ಅದೇ ಬಗೆಯದನ್ನು ಹಾಕುವವರಿಗೆ ಕೋಡ್‌ನಲ್ಲಿ ರಿಯಾಯಿತಿ ಉಂಟು, ಆದರೆ ಒಂದೊಂದು ನಗರ ಅದನ್ನು ಒಂದೊಂದು ಥರ ಅನ್ವಯಿಸುತ್ತದೆ. ಆರ್ಡರ್‌ಗೆ ಮೊದಲೇ ಪರ್ಮಿಟ್ ಕೌಂಟರ್‌ನಲ್ಲಿ ಕೇಳಿ, ಅಳತೆಗೆ ಮಾಡಿಸಿದ ಕಿಟಕಿ ವಾಪಸ್ ಹೋಗುವುದಿಲ್ಲ.

ಆಮೇಲೆ ಗಾಜು. ಬಾಗಿಲಿನಿಂದ 24 ಇಂಚಿನೊಳಗಿನ ತಗ್ಗಿನ ಗಾಜು, ಟಬ್ ಅಥವಾ ಶವರ್ ಪಕ್ಕದಲ್ಲಿ 60 ಇಂಚಿಗಿಂತ ಕೆಳಗೆ ಶುರುವಾಗುವ ಗಾಜು ಟೆಂಪರ್ಡ್ (ಒಡೆದರೆ ಚೂಪಿಲ್ಲದ ಸಣ್ಣ ಚೂರಾಗುವ ಗಟ್ಟಿ ಗಾಜು) ಆಗಿರಬೇಕು. ಹಾಲ್‌ನ ದೊಡ್ಡ ಕಿಟಕಿಯಲ್ಲಿ ನಾಲ್ಕು ಅಂಶ ನೋಡುತ್ತಾರೆ: ಗಾಜು 9 ಚದರಡಿಗಿಂತ ದೊಡ್ಡದು, ಕೆಳ ಅಂಚು ನೆಲದಿಂದ 18 ಇಂಚಿಗಿಂತ ಕೆಳಗೆ, ಮೇಲಂಚು 36 ಇಂಚಿಗಿಂತ ಮೇಲೆ, 36 ಇಂಚಿನೊಳಗೆ ಓಡಾಡುವ ಜಾಗ. ನಾಲ್ಕೂ ಒಟ್ಟಿಗೆ ಸೇರಿದರೆ ಅದೂ ಟೆಂಪರ್ಡ್ ಬೇಕು. ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಎಂಬ ಅಳಿಸಲಾಗದ ಗುರುತು ಇರಬೇಕು, ಬಿಲ್ ತೋರಿಸಿದರೆ ಸಾಲದು.

ಇಂಧನ ನಿಯಮಕ್ಕೆ ಸಿಎಫ್-1ಆರ್ ಎಂಬ ರಾಜ್ಯದ ಫಾರಂ ತುಂಬಬೇಕು. 2025ರ ಕೊನೆಯವರೆಗೆ ಸಲ್ಲಿಸಿದ ಅರ್ಜಿಗಳಿಗೆ ಅನ್ವಯವಾಗುತ್ತಿದ್ದ 2022ರ ಕೋಡ್ ಪ್ರಕಾರ ಸ್ಯಾನ್ ಹೊಸೆಗೆ ಯು-ಫ್ಯಾಕ್ಟರ್ (ಕಿಟಕಿ ಮೂಲಕ ಶಾಖ ಸೋರುವ ಅಳತೆ) 0.30, ಬಿಸಿಲಿನ ಶಾಖದ ಅಂಕ (ಒಳಬರುವ ಬಿಸಿಲ ಶಾಖದ ಪಾಲು) 0.23, ಇವನ್ನು ಮೀರಬಾರದಿತ್ತು. 2026ರ ಜನವರಿ 1ರಿಂದ ಸಲ್ಲಿಸಿದ ಅರ್ಜಿಗೆ ಹೊಸ ಆವೃತ್ತಿ ಅನ್ವಯ, ಹಳೆಯ ಕೊಟೇಶನ್‌ನ ಅಂಕಿಯನ್ನೇ ನಂಬಬೇಡಿ. ಈ ಅಂಕಿಗಳಿರುವ, ಗಾಜಿನ ಮೇಲಿನ ಎನ್‌ಎಫ್‌ಆರ್‌ಸಿ (ಕಿಟಕಿ ರೇಟಿಂಗ್ ಸಂಸ್ಥೆ) ಸ್ಟಿಕ್ಕರ್ ಫೈನಲ್ ತನಿಖೆ ಮುಗಿಯುವವರೆಗೆ ಕೀಳಬೇಡಿ. ಚೊಕ್ಕ ಕಾಣಲಿ ಅಂತ ಕೆಲಸದವರೇ ಕಿತ್ತು ಎಸೆದು, ಇನ್‌ಸ್ಪೆಕ್ಟರ್ ಎರಡನೇ ಸಲ ಬರುವಂತಾಗುವುದು ಮಾಮೂಲು.

ಕಿಟಕಿಗೆ ಸಂಬಂಧವೇ ಇಲ್ಲದ್ದೂ ಬರುತ್ತದೆ. ಕೆಲಸದ ಬೆಲೆ 1,000 ಡಾಲರ್ ದಾಟಿದರೆ ಪ್ರತಿ ಬೆಡ್‌ರೂಮ್ ಒಳಗೆ ಮತ್ತು ಹೊರಗಿನ ಹಜಾರದಲ್ಲಿ ಸ್ಮೋಕ್ ಅಲಾರ್ಮ್ ಇರಬೇಕು. ಗ್ಯಾಸ್ ಉಪಕರಣ ಅಥವಾ ಮನೆಗೆ ಅಂಟಿದ ಗ್ಯಾರೇಜ್ ಇದ್ದರೆ ಹಜಾರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೂಡ. 1994ಕ್ಕಿಂತ ಹಳೆಯ ಮನೆಯಾದ್ದರಿಂದ ನೀರುಳಿತಾಯದ ಫಾರಂ ಕೇಳುವ ನಗರಗಳೂ ಇವೆ: ಟಾಯ್ಲೆಟ್ ಒಂದು ಫ್ಲಶ್‌ಗೆ 1.6 ಗ್ಯಾಲನ್, ಶವರ್ ನಿಮಿಷಕ್ಕೆ 2.5 ಗ್ಯಾಲನ್ ಮೀರಬಾರದು.

ರೆಟ್ರೋಫಿಟ್‌ಗೆ ಹೆಚ್ಚಾಗಿ ಫೈನಲ್ ತನಿಖೆ ಒಂದೇ. ಸ್ಟಕೊ ಕತ್ತರಿಸಿ ನೇಲ್-ಫಿನ್ ಕಿಟಕಿ (ಫ್ರೇಮಿನ ಅಂಚುಪಟ್ಟಿಗೆ ಮೊಳೆ ಹೊಡೆದು ಕೂರಿಸುವಂಥದ್ದು) ಹಾಕಿದರೆ, ನೀರು ತಡೆಯುವ ಫ್ಲ್ಯಾಶಿಂಗ್ ಟೇಪ್ ಕಾಣುವಾಗಲೇ, ಗಾರೆ ಮೆತ್ತುವ ಮೊದಲು ಇನ್‌ಸ್ಪೆಕ್ಟರ್‌ನ್ನು ಕರೆಯಬೇಕು. ಮುಚ್ಚಿಬಿಟ್ಟರೆ ಮತ್ತೆ ಒಡೆಸುತ್ತಾರೆ. ಫ್ರೇಮಿನ ಕೆಳಗಿನ ವೀಪ್ ಹೋಲ್‌ಗಳಿಗೆ (ನೀರು ಹೊರಹೋಗುವ ತೂತು) ಸಿಲಿಕೋನ್ ಬಳಿದಿದ್ದಾರಾ ಅಂತ ನೀವೇ ನೋಡಿ. ಅವು ಮುಚ್ಚಿದರೆ ಟ್ರ್ಯಾಕ್‌ನಲ್ಲಿ ನಿಂತ ಮಳೆನೀರು ಒಳಗೋಡೆಗೆ ಇಳಿಯುತ್ತದೆ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಮಗೂ ಇಷ್ಟೆಲ್ಲ ಇದೆಯಾ ಸರ್?

ಉತ್ತರ: ಇಲ್ಲ. ನ್ಯೂಜೆರ್ಸಿಯಲ್ಲಿ ಒಂದು-ಎರಡು ಕುಟುಂಬದ ಮನೆಗೆ, ಇದ್ದ ತೆರಪಿನ ಅಳತೆ ಮತ್ತು ಫ್ರೇಮಿಂಗ್ ಮುಟ್ಟದೆ ಕಿಟಕಿ ಬದಲಾಯಿಸುವುದು ಸಾಧಾರಣ ನಿರ್ವಹಣೆ, ಪರ್ಮಿಟ್ ಬೇಡ. ತೆರಪು ಹಿಗ್ಗಿಸಿದರೆ ಬೇಕು. ಸೀಸದ ನಿಯಮ ಫೆಡರಲ್, ಅದು ನಿಮಗೂ ಇದೆ. ಟೌನ್‌ಹೌಸ್ ಆದರೆ ಎಚ್‌ಒಎ (ಮನೆ ಮಾಲೀಕರ ಸಂಘ) ಒಪ್ಪಿಗೆ ಪತ್ರವನ್ನು ಆರ್ಡರ್‌ಗೆ ಮೊದಲೇ ತಗೊಳ್ಳಿ. ಹೊರಗಿನ ಫ್ರೇಮ್ ಬಣ್ಣಕ್ಕೆ ತಕರಾರು ತೆಗೆಯುವುದು ಹೆಚ್ಚಾಗಿ ಅವರೇ.