ಮೈಕ್ರೋಕಂಟ್ರೋಲರಿನ ‘ಎಕ್ಸ್‌ಟರ್ನಲ್ ಕ್ಲಾಕ್’: ‘ಹೊರ ಗಡಿಯಾರ’ ಅನ್ನಬಹುದೇ?

ಗೆಳೆಯರೇ,

ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಅದನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುವ ಮಿಡಿತಕ್ಕೆ ಕ್ಲಾಕ್ ಅನ್ನುತ್ತಾರೆ. ಇಂಟರ್ನಲ್ ಕ್ಲಾಕ್, ಎಕ್ಸ್‌ಟರ್ನಲ್ ಕ್ಲಾಕ್ ಅನ್ನೋದಕ್ಕೆ ಮೊದಲು ‘ಒಳ ಗಡಿಯಾರ’, ‘ಹೊರ ಗಡಿಯಾರ’ ಎಂದು ಬರೆದಿದ್ದೆ. ಅದನ್ನು ನಂಬಿ ಒಬ್ಬ ಹುಡುಗ ತೊಂದರೆಗೆ ಸಿಕ್ಕಿಕೊಂಡ.

ಎಟಿಮೆಗಾ328ಪಿ ಅನ್ನೋ ಮೈಕ್ರೋಕಂಟ್ರೋಲರ್ ಚಿಪ್ಪಿನ ಪಕ್ಕದಲ್ಲಿ ಅವನು 16 ಮೆಗಾಹರ್ಟ್ಸ್ ಹರಳನ್ನು (ಕ್ರಿಸ್ಟಲ್) ಬೆಸುಗೆ ಹಾಕಿದ್ದ. ಹರಳು ಚಿಪ್ಪಿನ ಹೊರಗೇ ಇದೆ, ಅಲ್ವಾ? ಹಾಗಾಗಿ ಚಿಪ್ಪಿನ ಮೂಲ ಸೆಟ್ಟಿಂಗ್‌ಗಳಾದ ಫ್ಯೂಸ್ ಬಿಟ್‌ಗಳಲ್ಲಿ ‘ಎಕ್ಸ್‌ಟರ್ನಲ್ ಕ್ಲಾಕ್’ ಆರಿಸಿದ. ಅಲ್ಲಿಂದಾಚೆ ಪ್ರೋಗ್ರಾಮರ್‌ಗೆ (ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಸಾಧನ) ಚಿಪ್ ಸಿಗಲೇ ಇಲ್ಲ. ಆ ಆಯ್ಕೆಯ ಅರ್ಥವೇ ಬೇರೆ. ಬೇರೊಂದು ಸರ್ಕ್ಯೂಟಿನಲ್ಲಿ ತಯಾರಾದ ಮಿಡಿತ ಚಿಪ್ಪಿನ ಕಾಲಿಗೆ ಬರಬೇಕು. ಹರಳು ತಾನಾಗಿ ಮಿಡಿಯುವುದಿಲ್ಲ. ಅದನ್ನು ಮಿಡಿಸುವ ಆಂಪ್ಲಿಫೈಯರ್ ಇರುವುದು ಚಿಪ್ಪಿನ ಒಳಗೆ. ಹರಳಿನ ಆಯ್ಕೆ ಬೇರೆಯೇ ಇದೆ, ಅದನ್ನು ಹಿಡಿದರೆ ಮಾತ್ರ ಆ ಆಂಪ್ಲಿಫೈಯರ್ ಚಾಲೂ ಆಗುತ್ತದೆ. ಕೊನೆಗೆ ಇನ್ನೊಂದು ಬೋರ್ಡಿನಿಂದ ಮಿಡಿತ ಕೊಟ್ಟು, ಫ್ಯೂಸ್ ತಿದ್ದಿದ ಮೇಲೆ ಚಿಪ್ ಮತ್ತೆ ಓಡಿತು. ತಪ್ಪು ಅವನದಲ್ಲ, ನನ್ನ ‘ಹೊರ’ ಅನ್ನೋ ಪದದ್ದು.

‘ಗಡಿಯಾರ’ವೂ ನನಗೆ ಒಗ್ಗುತ್ತಿಲ್ಲ. ಗಡಿಯಾರ ಗಂಟೆ ಹೇಳುತ್ತದೆ. ಇದಕ್ಕೆ ಗಂಟೆ ಗೊತ್ತಿಲ್ಲ. ಒಂದು ಮಿಡಿತ, ಒಂದು ಹೆಜ್ಜೆ, ಅಷ್ಟೇ. 32,768 ಹರ್ಟ್ಸ್ ಹರಳಿನ ವಿಷಯ ಬೇರೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಅಲ್ಲಿ ಬೇಕಾದರೆ ಗಡಿಯಾರ ಅನ್ನೋಣ.

‘ತಾಳ’ ಅನ್ನಬಹುದಾ ಅಂತಲೂ ಯೋಚಿಸಿದೆ. ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಸೀರಿಯಲ್ ಸಂಪರ್ಕದಲ್ಲಿ ಕೇಳುವ ಚಿಪ್ ಮೊದಲ ಬಿಟ್ ಶುರುವಾದದ್ದನ್ನು ಗುರುತಿಸಿ, ಮುಂದಿನ ಬಿಟ್‌ಗಳನ್ನು ತನ್ನ ಮಿಡಿತದಲ್ಲೇ ಎಣಿಸುತ್ತದೆ. ಎಟಿಮೆಗಾ328ಪಿ ಚಿಪ್ಪಿನ ಒಳಗಿನ ಆರ್‌ಸಿ ಮಿಡಿತ (ಹರಳಿಲ್ಲದೆ, ರೆಸಿಸ್ಟರ್-ಕೆಪಾಸಿಟರ್‌ನಿಂದ ಹುಟ್ಟುವುದು) ಕಾರ್ಖಾನೆಯಿಂದ ಬರುವಾಗಲೇ ಶೇ. 10ರವರೆಗೆ ಹೆಚ್ಚುಕಮ್ಮಿ ಇರಬಹುದು. ಬಿಸಿ ಜಾಸ್ತಿಯಾದರೆ, ವೋಲ್ಟೇಜ್ ಬದಲಾದರೆ ಮತ್ತೆ ಜರುಗುತ್ತದೆ. ಹೇಳುವವನಿಗೂ ಕೇಳುವವನಿಗೂ ಶೇ. 5ರಷ್ಟು ಅಂತರ ಬಂದರೂ ಹತ್ತನೇ ಬಿಟ್ ಹೊತ್ತಿಗೆ ಅರ್ಧ ಬಿಟ್ ಜರುಗಿರುತ್ತದೆ. ಪರದೆ ಮೇಲೆ ಗೋಜಲು ಅಕ್ಷರ. ‘ತಾಳ ತಪ್ಪಿತು’ ಅನ್ನೋದಕ್ಕಿಂತ ಒಳ್ಳೆಯ ಮಾತು ಇದಕ್ಕಿಲ್ಲ. ಆದರೆ ತಾಳ ಅಂದರೆ ಪೆಟ್ಟುಗಳ ಪೂರ್ತಿ ಒಂದು ಸುತ್ತು, ಒಂಟಿ ಪೆಟ್ಟಲ್ಲ. ಹಾಗಾಗಿ ತಪ್ಪುವುದಕ್ಕೆ ತಾಳ ಇರಲಿ, ಕ್ಲಾಕ್‌ಗೆ ಮಿಡಿತವೇ ಸರಿ ಅನ್ನಿಸುತ್ತದೆ.

ಈಗ ಪಾಠದಲ್ಲಿ ಮೂರು ಪದ ಇಟ್ಟಿದ್ದೇನೆ: ಒಳಮಿಡಿತ, ಹರಳುಮಿಡಿತ, ಎರವಲು ಮಿಡಿತ. ಮೊದಲೆರಡು ಗಟ್ಟಿ ನಿಂತಿವೆ. ಮೂರನೆಯದರಲ್ಲೇ ಅನುಮಾನ. ಎರವಲು ತಂದದ್ದನ್ನು ತಿರುಗಿ ಕೊಡಬೇಕು, ಇಲ್ಲಿ ಕೊಡುವುದೇನೂ ಇಲ್ಲ. ಓದುವಾಗ ಆ ಅರ್ಥ ನಿಮಗೆ ಅಡ್ಡ ಬರುತ್ತದೆಯೇ? ‘ಬಂದ ಮಿಡಿತ’ ಅಂದರೆ ತೀರಾ ಸಪ್ಪೆಯಾಗುತ್ತದೆಯೇ?