ಕುಲಾಂತರಿ ಬೆಳೆ ಕಿತ್ತರೆ ಯಾವ ಕೇಸು? ವಕೀಲರಿಗೂ ಬೀಜದವರಿಗೂ ಗುಂಪಿನಲ್ಲಿ ಕೇಳಿದ್ದು

ಪ್ರಶ್ನೆ (ಮದ್ದೂರು): ಲಾಯರ್ ಮೇಡಂ, ನಮ್ಮ ಕಡೆ ಕುಲಾಂತರಿ ಬೆಳೆ (ಹೊರಗಿನ ಜೀನ್ ಸೇರಿಸಿದ್ದು) ಪ್ರಯೋಗಕ್ಕೆ ಹಾಕ್ತಾರೆ ಅಂತ ಸುದ್ದಿ. ಹಾಕಿದ್ರೆ ಇಪ್ಪತ್ತು ಮೂವತ್ತು ಜನ ಹೋಗಿ, ಯಾರ ಮೈ ಮುಟ್ದಂಗೆ, ಗಿಡ ಕಿತ್ತು ಬದಿನ ಮೇಲೆ ಇಟ್ಬುಟ್ಟು ಬರೋದು ಅಂತ ಮಾತಾಡ್ಕಂಡಿದ್ದೀವಿ. 1938ರಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದ್ದೂ ಕಾನೂನು ಮುರಿದೇ ಅಲ್ವಾ? ಶಾಂತಿಯಿಂದ ಮಾಡಿದ್ರೂ ಕೇಸ್ ಆಯ್ತದಾ?

ವಕೀಲರು: ಆಗುತ್ತೆ ಅಣ್ಣ. ಶಿವಪುರದವರೂ ಜೈಲಿಗೆ ಹೋಗೋಕೆ ತಯಾರಾಗೇ ಹೋಗಿದ್ದು. ಯಾರಿಗೂ ಹೊಡೀಲಿಲ್ಲ ಅಂದರೆ ಹಲ್ಲೆಯ ಕಲಮು ತಪ್ಪುತ್ತೆ ಅಷ್ಟೆ. ಹೊಲಕ್ಕೆ ನುಗ್ಗಿದ್ದು, ಗಿಡ ಕಿತ್ತಿದ್ದು ಎರಡೂ ಉಳಿಯುತ್ತೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಬಾಯಲ್ಲಿ ಇನ್ನೂ ಐಪಿಸಿಯ 447 (ಅತಿಕ್ರಮ ಪ್ರವೇಶ), 427 (ಆಸ್ತಿಗೆ ಕೇಡು) ಅಂತಾರೆ, ಎಫ್‌ಐಆರ್‌ನಲ್ಲಿ ಬರೋದು ಹೊಸ ನಂಬರು.

ಅತಿಕ್ರಮ ಪ್ರವೇಶಕ್ಕೆ 329(3). ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಸಣ್ಣದು. ಭಾರ ಬೀಳೋದು ಆಸ್ತಿಗೆ ಕೇಡು ಮಾಡಿದ 324ರಲ್ಲಿ, ಅಲ್ಲಿ ಶಿಕ್ಷೆ ನಷ್ಟದ ಮೊತ್ತದ ಮೇಲೆ ಏರುತ್ತೆ. ನಷ್ಟ 20,000ದಿಂದ ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ. ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಐದು ವರ್ಷದವರೆಗೆ. ಜನ ಎಡವೋದು ಇಲ್ಲೇ. ಅರ್ಧ ಎಕರೆ ಪೈರಿಗೆ ಮಾರ್ಕೆಟ್ ರೇಟಲ್ಲಿ ಎಷ್ಟಾದೀತು, ಹತ್ತು ಹದಿನೈದು ಸಾವಿರ ಅಂದುಕೊಳ್ತಾರೆ. ದೂರು ಕೊಡೋರು ಪೈರಿನ ಬೆಲೆ ಹಾಕಲ್ಲ. ಲ್ಯಾಬಿನ ಖರ್ಚು, ಸಿಬ್ಬಂದಿ ಸಂಬಳ, ಬೇಲಿ, ಕೈತಪ್ಪಿದ ಒಂದು ಇಡೀ ಹಂಗಾಮು, ಎಲ್ಲ ಸೇರಿಸಿ ಬರೆಸ್ತಾರೆ. ಲಕ್ಷ ದಾಟೋದು ಕಷ್ಟವೇ ಅಲ್ಲ. ಆ ಲೆಕ್ಕವನ್ನ ವಿಚಾರಣೆಯಲ್ಲಿ ಪ್ರಶ್ನೆ ಮಾಡಬಹುದು, ಆದರೆ ಎಫ್‌ಐಆರ್ ಆಗೋದು ಅವರು ಹೇಳಿದ ಅಂಕಿ ಮೇಲೆ.

ಇನ್ನು ಜನದ ಲೆಕ್ಕ. ಐದು ಅಥವಾ ಹೆಚ್ಚು ಜನ ಸೇರಿ ಇಂಥ ಕೆಲಸಕ್ಕೆ ಹೋದರೆ 189, ಅಕ್ರಮ ಕೂಟ. ಅದರ ಬೆನ್ನಿಗೇ 190: ಕೂಟದ ಸಮಾನ ಉದ್ದೇಶಕ್ಕೆ ಒಬ್ಬ ಮಾಡಿದ್ದು ಎಲ್ಲರೂ ಮಾಡಿದ ಹಾಗೆ. ಗಿಡ ಮುಟ್ಟದೆ ಬದಿನ ಮೇಲೆ ನಿಂತು ಘೋಷಣೆ ಕೂಗಿದವನೂ ಆರೋಪಿ. ಗೇಟು ಮುರಿದರೆ ದೊಂಬಿಯ 191 ಬರುತ್ತೆ. ಕಿತ್ತ ಗಿಡ ‘ಸಾಕ್ಷಿಗೆ’ ಅಂತ ಮನೆಗೆ ತಂದರೆ ಕಳವು, 303.

ಪ್ರಶ್ನೆ (ಮಳವಳ್ಳಿ): ಪ್ರಯೋಗ ನಡೆಯೋದು ಸರ್ಕಾರಿ ಜಾಗದಲ್ಲಾದ್ರೆ? ಖಾಸಗಿಯವರ ಹೊಲಕ್ಕೂ ಅದಕ್ಕೂ ಏನ್ ವ್ಯತ್ಯಾಸ?

ವಕೀಲರು: ಬಹಳ ಇದೆ. ಮಂಡ್ಯದ ವಿ.ಸಿ. ಫಾರಂ ಥರದ ಕೃಷಿ ವಿಶ್ವವಿದ್ಯಾಲಯದ ಜಮೀನು ಅಂದರೆ ಸಾರ್ವಜನಿಕ ಆಸ್ತಿ, 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಸೇರಿಸ್ತಾರೆ. ಐದು ವರ್ಷದವರೆಗೆ ಸಜೆ. ಬೆಂಕಿ ಇಟ್ಟಿದ್ದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು. ಅದಕ್ಕಿಂತ ಮುಖ್ಯ ಅದರ 5ನೇ ಕಲಮು: ಸರ್ಕಾರಿ ವಕೀಲರಿಗೆ ಆಕ್ಷೇಪಣೆ ಹೇಳೋಕೆ ಅವಕಾಶ ಕೊಡದೆ ಜಾಮೀನು ಕೊಡೋ ಹಾಗಿಲ್ಲ. ಶುಕ್ರವಾರ ಸಂಜೆ ಹಿಡಿದರೆ ಸೋಮವಾರದವರೆಗೆ ಒಳಗೇ ಅಂತ ಲೆಕ್ಕ ಇಟ್ಟುಕೊಳ್ಳಿ. ನಮ್ಮ ರಾಜ್ಯದ 1981ರ ಆಸ್ತಿ ನಾಶ ಮತ್ತು ನಷ್ಟ ತಡೆ ಕಾಯ್ದೆಯೂ ಜೊತೆಗೆ ಬೀಳುತ್ತೆ.

ಪ್ರಶ್ನೆ (ಪಾಂಡವಪುರ): ಜಮೀನಿನವನೇ ನಮ್ಮ ಕಡೆ ಇದ್ರೆ? ಅವನೇ ‘ಬನ್ನಿ, ಕಿತ್ತಾಕಿ’ ಅಂದ್ರೆ?

ವಕೀಲರು: ಅತಿಕ್ರಮ ಪ್ರವೇಶದ ಕಲಮು ಬಿದ್ದುಹೋಗುತ್ತೆ, ಆದರೆ 324 ಉಳಿಯುತ್ತೆ. ಆ ಕಲಮಿನ ವಿವರಣೆಯಲ್ಲೇ ಇದೆ, ಬೇರೆಯವರಿಗೆ ನಷ್ಟ ಮಾಡೋ ಉದ್ದೇಶದಿಂದ ತನ್ನದೇ ಆಸ್ತಿ ಕೆಡಿಸಿದರೂ ಅಪರಾಧವೇ. ಮಣ್ಣು ಅವನದು, ಪೈರು ಕರಾರಿನ ಪ್ರಕಾರ ಕಂಪನಿಯದು. ಕರಾರು ಮುರಿದದ್ದಕ್ಕೆ ಸಿವಿಲ್ ದಾವೆ ಬೇರೆ, ಅದು ಅವನೊಬ್ಬನ ತಲೆ ಮೇಲೆ. ಊರವರು ಮನೆಗೆ ಹೋದ ಮೇಲೆ ಸಮನ್ಸ್ ತಗೊಳ್ಳೋನು ಅವನೇ.

ಪ್ರಶ್ನೆ (ಮೈಸೂರು): ಇಂಗ್ಲೆಂಡಿನಲ್ಲಿ ಇದೇ ಥರ ಬೆಳೆ ನಾಶ ಮಾಡಿದವರನ್ನು ಕೋರ್ಟು ಬಿಟ್ಟಿತಂತೆ. ಇಲ್ಲೂ ಆ ವಾದ ಹೂಡಬಹುದಲ್ಲ? ನಮ್ಮಲ್ಲೇ ರೈತ ಸಂಘದ ನಂಜುಂಡಸ್ವಾಮಿಯವರು ಬಿಟಿ ಹತ್ತಿ (ಹುಳು ತಡೆಯೋ ಕುಲಾಂತರಿ ಹತ್ತಿ) ಸುಟ್ಟಿದ್ದರು.

ವಕೀಲರು: ಅಲ್ಲಿ ಬಿಟ್ಟಿದ್ದು ನಿಜ. 1999ರ ಜುಲೈನಲ್ಲಿ ನಾರ್ಫೋಕ್‌ನ ಲಿಂಗ್ ಅನ್ನೋ ಊರಲ್ಲಿ ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯ 28 ಜನ ಕುಲಾಂತರಿ ಮುಸುಕಿನ ಜೋಳ ಕತ್ತರಿಸಿದರು, ಮುಂದಾಳು ಲಾರ್ಡ್ ಮೆಲ್ಚೆಟ್. 2000ರ ಸೆಪ್ಟೆಂಬರ್‌ನಲ್ಲಿ ನಾರ್ವಿಚ್ ಕೋರ್ಟಿನಲ್ಲಿ ಖುಲಾಸೆ. ಅದಕ್ಕೆ ಎರಡು ಕಾರಣ, ಎರಡೂ ನಮ್ಮಲ್ಲಿಲ್ಲ. ಒಂದು, ಅಲ್ಲಿನ 1971ರ ಕಾಯ್ದೆಯಲ್ಲಿ ಬೇರೆ ಆಸ್ತಿ ಉಳಿಸೋಕೆ ಹಾನಿ ಮಾಡಿದೆ ಅಂತ ಪ್ರಾಮಾಣಿಕವಾಗಿ ನಂಬಿದ್ದರೆ ಅದೇ ಸಮರ್ಥನೆ. ಎರಡು, ತೀರ್ಪು ಹೇಳಿದ್ದು ಜ್ಯೂರಿ, ಅಂದರೆ ಸಾಮಾನ್ಯ ನಾಗರಿಕರ ತಂಡ. ಇಲ್ಲಿ ಜ್ಯೂರಿ ಇಲ್ಲ. ಫ್ರಾನ್ಸಿನ ರೈತ ಮುಖಂಡ ಜೋಸೆ ಬೋವೆ ಇಂಥದ್ದಕ್ಕೇ 2003ರಲ್ಲಿ ಜೈಲು ಕಂಡರು, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ!

ನಮ್ಮಲ್ಲಿ ಹತ್ತಿರದ್ದು 19ನೇ ಕಲಮು, ದೊಡ್ಡ ಹಾನಿ ತಪ್ಪಿಸೋಕೆ ಸದುದ್ದೇಶದಿಂದ ಮಾಡಿದ ಕೃತ್ಯ. ಪಕ್ಕದ ಮನೆಗೆ ಬೆಂಕಿ ಹರಡದ ಹಾಗೆ ನಡುವಿನ ಗುಡಿಸಲು ಕೆಡವಿದಂಥ ಸಂದರ್ಭಕ್ಕೆ ಅದು. ತಿಂಗಳುಗಟ್ಟಲೆ ಮೊದಲೇ ಗೊತ್ತಿದ್ದ ಪ್ರಯೋಗಕ್ಕೆ ಹೇಳಿದರೆ ನ್ಯಾಯಾಧೀಶರ ಮೊದಲ ಪ್ರಶ್ನೆ: ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟಿರಾ? ಆತ್ಮರಕ್ಷಣೆಯ ಹಕ್ಕಿನಲ್ಲಿ ಆಸ್ತಿಯೂ ಸೇರುತ್ತೆ, ಆದರೆ ಎದುರಿನವರು ಮಾಡ್ತಿರೋದು ಅಪರಾಧವಾಗಿರಬೇಕು. ಅನುಮತಿ ಪಡೆದ ಪ್ರಯೋಗ ಅಪರಾಧವಲ್ಲ.

1998ರ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಕಡೆ ರೈತ ಸಂಘ ಬಿಟಿ ಹತ್ತಿ ಪ್ರಯೋಗದ ತಾಕುಗಳನ್ನು ಸುಟ್ಟದ್ದು ಮೊದಲೇ ಬಹಿರಂಗವಾಗಿ ಸಾರಿ. ಅದರಿಂದ ದೇಶವೆಲ್ಲ ಚರ್ಚೆ ಎದ್ದಿತು, ಒಪ್ಪುತ್ತೇನೆ. ಆದರೂ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕೇಬಿಟ್ಟಿತು. 2010ರ ಫೆಬ್ರವರಿಯಲ್ಲಿ ಬಿಟಿ ಬದನೆ ನಿಂತದ್ದು ಊರೂರಲ್ಲಿ ನಡೆದ ಸಾರ್ವಜನಿಕ ಸಭೆಗಳ ನಂತರ, ಬೆಂಕಿಯಿಂದಲ್ಲ. ಇವತ್ತು ಬೆಳೆಗೆ ಬೆಂಕಿ ಇಟ್ಟರೆ 326(ಎಫ್), ಏಳು ವರ್ಷದವರೆಗೆ. ಸುತ್ತ ಒಣಗಿದ ಕಬ್ಬಿನ ತರಗು ಇದ್ದರೆ ಏನಾಗುತ್ತೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಿಲ್ಲ.

ಬೀಜ ತಂತ್ರಜ್ಞರು: ಇನ್ನೊಂದು ಮಾತು ಸೇರಿಸ್ತೀನಿ. ಪ್ರಯೋಗದ ತಾಕಿಗೆ ಸುತ್ತ ದೂರ ಬಿಡೋದು, ಕೊಯ್ಲಾದ ಮೇಲೆ ಉಳಿಕೆ ಸುಡೋದು, ಆಮೇಲೆ ತಾನಾಗಿ ಹುಟ್ಟಿದ ಗಿಡ ಹುಡುಕಿ ತೆಗೆಯೋದು, ಎಲ್ಲ ಇರೋದು ಬೀಜ ಹೊರಗೆ ಹೋಗದಿರಲಿ ಅಂತ. ಕಾಯಿ ಕಟ್ಟಿದ ಗಿಡ ಕಿತ್ತು ಟ್ರ್ಯಾಕ್ಟರ್‌ನಲ್ಲಿ ಮೆರವಣಿಗೆ ಮಾಡಿದರೆ ನೀವು ಯಾವುದು ಬೇಡ ಅಂತೀರೋ ಅದನ್ನೇ ದಾರಿಯುದ್ದಕ್ಕೂ ಬಿತ್ತಿದ ಹಾಗೆ.

ಪ್ರಶ್ನೆ (ಎಚ್.ಡಿ. ಕೋಟೆ): ಸಾರ್, ನಮ್ಮಲ್ಲಿ ಹತ್ತಿ. ಕಳೆನಾಶಕ ಹೊಡೆದ್ರೂ ಸಾಯದ ಬೀಜ ಅಂತ ಹೆಸರಿಲ್ಲದ ಪ್ಯಾಕೆಟ್ ಮಾರ್ತಾವ್ರೆ. ಬಿಲ್ ಕೇಳಿದ್ರೆ ಇಲ್ಲ. ಅದು ಅದೇನಾ ಅಂತ ತಿಳಿಯೋದು ಹೆಂಗೆ? ಬಿತ್ತಿದ ರೈತನನ್ನೇ ಹಿಡೀತಾರಾ?

ಬೀಜ ತಂತ್ರಜ್ಞರು: ಅನುಮತಿ ಇರೋದು ಹುಳು ತಡೆಯೋ ಬಿಟಿಗೆ ಮಾತ್ರ, ಕಳೆನಾಶಕ ತಡೆಯೋ ಹತ್ತಿಗೆ ದೇಶದಲ್ಲಿ ಇಲ್ಲ. ನೋಡೋಕೆ ಸ್ಟ್ರಿಪ್ ಟೆಸ್ಟ್ ಇದೆ. ಎಳೆ ಎಲೆಯ ಚೂರನ್ನ ಕಿಟ್‌ನ ಸಣ್ಣ ಟ್ಯೂಬಿನಲ್ಲಿ ಹಾಕಿ ಅರೆದು, ಅವರು ಕೊಟ್ಟ ದ್ರಾವಣ ಬೆರೆಸಿ, ಸ್ಟ್ರಿಪ್ ಅದ್ದಿ ಐದು ಹತ್ತು ನಿಮಿಷ ಬಿಡಬೇಕು. ಎರಡು ಗೆರೆ ಬಂದರೆ ಇದೆ, ಒಂದೇ ಬಂದರೆ ಇಲ್ಲ, ಒಂದೂ ಬರದಿದ್ದರೆ ಸ್ಟ್ರಿಪ್ಪೇ ಕೆಟ್ಟಿದೆ. ತರುವಾಗ ‘ಸಿಪಿ4 ಇಪಿಎಸ್‌ಪಿಎಸ್’ ಪ್ರೋಟೀನಿನ ಸ್ಟ್ರಿಪ್ ಅಂತಲೇ ಕೇಳಿ. ಬಿಟಿಯ ಸ್ಟ್ರಿಪ್ ತಂದರೆ ಅನುಮತಿ ಇರೋ ಬೀಜವೂ ಎರಡು ಗೆರೆ ತೋರಿಸುತ್ತೆ, ಸುಮ್ಮನೆ ಗಲಾಟೆ. ಒಂದು ಎಲೆ ಅರೆದ ಕಡ್ಡಿಯಲ್ಲಿ ಇನ್ನೊಂದು ಎಲೆ ಅರೆಯಬೇಡಿ, ಸುಳ್ಳು ಗೆರೆ ಬರೋದು ಹೆಚ್ಚಾಗಿ ಹಾಗೇ.

ವಕೀಲರು: ಆ ಸ್ಟ್ರಿಪ್ಪು ನಿಮಗೆ ಸುಳಿವು, ಕೋರ್ಟಿಗೆ ಸಾಕ್ಷಿಯಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಹಿಂಬರಹ ತಗೊಳ್ಳಿ. ಬೀಜ ನಿರೀಕ್ಷಕರು ಬಂದು ಮಾದರಿ ತೆಗೆದು ಮೂರು ಭಾಗ ಮಾಡಿ ಸೀಲ್ ಮಾಡಬೇಕು: ಒಂದು ಮಾರಿದವನಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ಕಚೇರಿಯಲ್ಲಿ. ಪ್ಯಾಕೆಟ್ ಎಸೀಬೇಡಿ, ಒಡೆಯೋ ಮೊದಲೇ ಫೋಟೊ ತೆಗೀರಿ. ಮಾರಿದವನ ಮೇಲೆ ಲೈಸೆನ್ಸ್ ಇಲ್ಲದ ಬೀಜ ಮಾರಾಟದ ಕೇಸೇ ಗಟ್ಟಿ.

ಬಿತ್ತಿದವರ ವಿಷಯ. ಅನುಮತಿಯಿಲ್ಲದ ಕುಲಾಂತರಿ ಬೀಜಕ್ಕೆ ತಾಗೋ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು ಐದು ವರ್ಷದವರೆಗೆ ಜೈಲಿತ್ತು. 2024ರ ಏಪ್ರಿಲ್ 1ರಿಂದ ಅದನ್ನ ದಂಡಕ್ಕೆ ಇಳಿಸಿದ್ದಾರೆ, 10,000 ರೂಪಾಯಿಯಿಂದ 15 ಲಕ್ಷದವರೆಗೆ. ಹಗುರ ಅಂದುಕೊಳ್ಳಬೇಡಿ, ಹಾಕಿದ ದಂಡವನ್ನ ಹೇಳಿದ ಗಡುವಿನಲ್ಲಿ ಕಟ್ಟದಿದ್ದರೆ ಜೈಲಿನ ಬಾಗಿಲು ಮತ್ತೆ ತೆರೆಯುತ್ತೆ. 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಕಡೆ ಶೇತಕರಿ ಸಂಘಟನೆ ಅನ್ನೋ ರೈತ ಸಂಘದವರು ಇದೇ ಬೀಜ ನಮಗೆ ಬೇಕು ಅಂತ ಬಹಿರಂಗವಾಗಿ ಬಿತ್ತಿದರು. ಸತ್ಯಾಗ್ರಹ ಎರಡೂ ದಿಕ್ಕಿಗೆ ನಡೀತದೆ.

ಪ್ರಶ್ನೆ (ಶ್ರೀರಂಗಪಟ್ಟಣ): ಹೊಸ ಭತ್ತ ‘ಕಮಲಾ’ ಕೂಡ ಇದೇ ಸ್ಟ್ರಿಪ್‌ನಲ್ಲಿ ಗೊತ್ತಾಯ್ತದಾ?

ಬೀಜ ತಂತ್ರಜ್ಞರು: ಇಲ್ಲ. 2025ರ ಮೇ 4ರಂದು ಘೋಷಣೆಯಾದ ‘ಡಿಆರ್‌ಆರ್ ಧಾನ್ 100’ ಅಂದರೆ ಕಮಲಾ, ಸಾಂಬಾ ಮಸೂರಿಯ ಒಂದು ಜೀನ್ ತಿದ್ದಿ ಮಾಡಿದ್ದು. ಹೊರಗಿನ ಜೀನ್ ಉಳಿಸಿಲ್ಲ, ಹೊಸ ಪ್ರೋಟೀನ್ ಇಲ್ಲ, ಹಾಗಾಗಿ ಸ್ಟ್ರಿಪ್ಪಿಗೆ ಹಿಡಿಯೋಕೆ ಏನೂ ಸಿಗಲ್ಲ. ಇಂಥ ತಿದ್ದುಪಡಿಗೆ 2022ರ ಮಾರ್ಚ್ 30ರ ಕೇಂದ್ರದ ಆದೇಶ 1989ರ ಕುಲಾಂತರಿ ನಿಯಮಗಳಲ್ಲಿ 7ರಿಂದ 11ರವರೆಗೆ ವಿನಾಯಿತಿ ಕೊಟ್ಟಿದೆ. ‘ಕುಲಾಂತರಿ ಪ್ರಯೋಗ ನಿಲ್ಲಿಸಿ’ ಅಂತ ಅರ್ಜಿ ಬರೆದರೆ ‘ಇದು ಕುಲಾಂತರಿ ಅಲ್ಲ’ ಅಂತ ಒಂದೇ ಸಾಲಲ್ಲಿ ವಾಪಸ್ ಬರುತ್ತೆ.

ಪ್ರಶ್ನೆ (ಮದ್ದೂರು): ಸರಿ ಮೇಡಂ, ಕೀಳೋದು ಬುಡ್ತೀವಿ. ಮೈಸೂರು-ಬೆಂಗಳೂರು ರಸ್ತೆ ತಡೆದ್ರೆ? ಆಮರಣಾಂತ ಉಪವಾಸ ಕೂತ್ರೆ?

ವಕೀಲರು: ರಸ್ತೆ ತಡೆಗೆ 126, 285 ಸಣ್ಣ ಶಿಕ್ಷೆಯ ಕಲಮುಗಳು. ಆದರೆ ಅದು ರಾಷ್ಟ್ರೀಯ ಹೆದ್ದಾರಿ ಅಣ್ಣ, ಹೆದ್ದಾರಿ ಕಾಯ್ದೆಯ 8ಬಿ ಹಾಕಿದರೆ ಐದು ವರ್ಷದವರೆಗೆ. ಉಪವಾಸಕ್ಕೆ ಹೊಸದಾಗಿ 226 ಬಂದಿದೆ: ಸರ್ಕಾರಿ ನೌಕರನ ಮೇಲೆ ಒತ್ತಡ ಹಾಕೋಕೆ ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಸಮುದಾಯ ಸೇವೆ. ಬ್ಯಾನರ್ ಮೇಲೆ ‘ಆಮರಣಾಂತ’ ಅಂತ ಬರೆಸಬೇಡಿ. ಸರದಿ ಉಪವಾಸ ಇಡಿ, ಅದಕ್ಕೆ ಈ ಕಲಮು ತಾಗಲ್ಲ.

ನಿಷೇಧಾಜ್ಞೆ ಈಗ 144 ಅಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 163. ಮಂಡ್ಯದಲ್ಲಿ ಜಿಲ್ಲಾಧಿಕಾರಿ ಅಥವಾ ತಹಶೀಲ್ದಾರ್, ಮೈಸೂರು ನಗರದೊಳಗೆ ಪೊಲೀಸ್ ಕಮಿಷನರ್. ಮೈಸೂರಲ್ಲಿ ಧರಣಿಗೆ ಜಿಲ್ಲಾಧಿಕಾರಿ ಕಚೇರಿಗೆ ಮಾತ್ರ ಮನವಿ ಕೊಟ್ಟು ಕಮಿಷನರ್ ಕಚೇರಿ ಮರೆತು ಸಿಕ್ಕಿಹಾಕಿಕೊಳ್ಳೋರು ಜಾಸ್ತಿ. ಆಜ್ಞೆ ಮೀರಿದ್ದಕ್ಕೆ ನ್ಯಾಯ ಸಂಹಿತೆಯ 223. ಅದಕ್ಕೆ ಆಜ್ಞೆ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿಯೇ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಬರೀ ಪೊಲೀಸ್ ಚಾರ್ಜ್‌ಶೀಟ್ ಇದ್ದರೆ ಹೈಕೋರ್ಟಿನಲ್ಲಿ ಆ ಕಲಮನ್ನ ತೆಗೆಸಬಹುದು.

ಮೊದಲು ಮಾಡಬೇಕಾದ್ದು ಕಾಗದದ ಕೆಲಸ. ಪ್ರಯೋಗಕ್ಕೆ ರಾಜ್ಯ ಸರ್ಕಾರದ ನಿರಾಕ್ಷೇಪಣಾ ಪತ್ರ ಬೇಕು. ನಮ್ಮ ಜಿಲ್ಲೆಗೆ ಅಂಥದ್ದು ಕೊಟ್ಟಿದೆಯೇ, ಯಾವ ಸರ್ವೆ ನಂಬರು, ಷರತ್ತುಗಳೇನು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎರಡು ಪುಟ ಭಾಷಣ ಬರೆದರೆ ಅದೇ ನೆಪಕ್ಕೆ ತಿರಸ್ಕಾರ. 1989ರ ನಿಯಮದಲ್ಲಿ ಜಿಲ್ಲಾ ಮಟ್ಟದ ಸಮಿತಿ ಇದೆ, ಅಧ್ಯಕ್ಷರು ಜಿಲ್ಲಾಧಿಕಾರಿ. ಸಭೆ ಯಾವಾಗ ಆಯ್ತು ಅಂತಲೂ ಕೇಳಿ, ಉತ್ತರ ಏನೇ ಬಂದರೂ ಉಪಯೋಗಕ್ಕೆ ಬರುತ್ತೆ. ಷರತ್ತು ಮುರಿದದ್ದು ಕಂಡರೆ ಬದಿನ ಹೊರಗೆ ನಿಂತು, ತಾರೀಖು ಮತ್ತು ಜಾಗ ಕಾಣೋ ಹಾಗೆ ಫೋಟೊ ತೆಗೀರಿ. ಗ್ರಾಮಸಭೆ ನಿರ್ಣಯಕ್ಕೆ ಪ್ರಯೋಗ ನಿಲ್ಲಿಸೋ ಬಲವಿಲ್ಲ, ಆದರೆ ರಿಟ್ ಅರ್ಜಿಗೆ ಲಗತ್ತಿಸಿದರೆ ತೂಕ. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆದರೆ ರಾಷ್ಟ್ರೀಯ ನೀತಿ ಬೇಕು ಅನ್ನೋದರಲ್ಲಿ ಇಬ್ಬರೂ ಒಂದೇ.

ಪ್ರಶ್ನೆ (ಮಳವಳ್ಳಿ): ಕೇಸ್ ಬಿದ್ರೂ ಸರ್ಕಾರ ಆಮೇಲೆ ವಾಪಸ್ ತಗಳುತ್ತೆ ಅಂತಾರಲ್ಲ, ಕಾವೇರಿ ಗಲಾಟೆ ಕೇಸ್ ಥರ?

ವಕೀಲರು: ಸಂಪುಟ ತೀರ್ಮಾನ ಮಾಡಿದ ಮಾತ್ರಕ್ಕೆ ಕೇಸು ಹೋಗಲ್ಲ. ಸರ್ಕಾರಿ ಅಭಿಯೋಜಕರು ಸ್ವತಃ ವಿಚಾರ ಮಾಡಿ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. 43 ಕೇಸುಗಳನ್ನ ಹಿಂಪಡೆಯೋ ಸರ್ಕಾರಿ ಆದೇಶವನ್ನ 2025ರ ಮೇನಲ್ಲಿ ನಮ್ಮ ಹೈಕೋರ್ಟೇ ರದ್ದು ಮಾಡಿತು. ಅಲ್ಲಿವರೆಗೆ ಪಾಸ್‌ಪೋರ್ಟು, ಮಕ್ಕಳ ಸರ್ಕಾರಿ ಕೆಲಸದ ಪೊಲೀಸ್ ವರದಿ, ತಿಂಗಳಿಗೊಂದು ವಾಯಿದೆ, ಎಲ್ಲ ಕಾಡುತ್ತೆ.

ಪ್ರಶ್ನೆ (ಮದ್ದೂರು, ಒಬ್ಬ ಹೆಣ್ಣುಮಗಳು): ಅಕ್ಕ, ಧರಣಿಯಲ್ಲೇ ಹಿಡ್ಕೊಂಡೋದ್ರೆ ಕೈಯಲ್ಲಿ ಏನಿರ್ಬೇಕು?

ವಕೀಲರು: ಕಾರಣ ಹೇಳಿ ಅಂತ ಕೇಳಮ್ಮ, ಹೇಳಲೇಬೇಕು, ಮನೆಯವರಿಗೂ ತಿಳಿಸಬೇಕು. ಕತ್ತಲಾದ ಮೇಲೆ ಹೆಂಗಸರನ್ನ ಹಿಡಿಯೋ ಹಾಗಿಲ್ಲ. ತೀರಾ ಅಗತ್ಯ ಅಂದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ತಗೊಂಡಿರಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಬರೆಯದ ಹಾಳೆಗೆ ಸಹಿ ಬೇಡ. ಮನೆಯಲ್ಲಿರೋರು ಜಾಮೀನುದಾರರನ್ನ ಅವತ್ತೇ ಹುಡುಕಿಟ್ಟಿರಲಿ: ಅವರ ಆಧಾರ್, ಎರಡು ಫೋಟೊ, ಹೊಸದಾಗಿ ತೆಗೆಸಿದ ಪಹಣಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಅದು ನಡೆಯಲ್ಲ, ಬೇರೆಯವರನ್ನ ನೋಡಿ.