ಡೆಬಿಯನ್ 12ಕ್ಕೆ ಟ್ರಿಕ್ಸಿಯ ಒಂದು ಪ್ಯಾಕೇಜು ಸಾಕು ಅಂದರೆ ಲಿಬ್‌ಸಿ6 ಕೂಡ ಯಾಕೆ ಬರುತ್ತೆ?

ಕಪ್ಪುಪರದೆ:
ಸರ್ವರ್‌ನಲ್ಲಿ ಡೆಬಿಯನ್ ಲಿನಕ್ಸ್ 12 (ಬುಕ್‌ವರ್ಮ್) ಇದೆ. ಒಂದು ಟೂಲ್‌ನ ಹೊಸ ಆವೃತ್ತಿ ಬೇಕು, ಅದು 13ರಲ್ಲಿ (ಟ್ರಿಕ್ಸಿ) ಸಿಗುತ್ತೆ. ಪ್ಯಾಕೇಜು ಎಲ್ಲಿಂದ ತರಬೇಕು ಅನ್ನೋ ಸೋರ್ಸಸ್ ಪಟ್ಟಿಗೆ ಟ್ರಿಕ್ಸಿ ಸಾಲು ಸೇರಿಸಿ, ಆಪ್ಟ್ ಇನ್‌ಸ್ಟಾಲ್‌ಗೆ "-ಟಿ ಟ್ರಿಕ್ಸಿ" ಕೊಟ್ಟೆ. ಲಿಬ್‌ಸಿ6, ಲಿಬ್‌ಎಸ್‌ಎಸ್‌ಎಲ್3ಟಿ64 ಎಲ್ಲ ಬರ್ತೀವಿ ಅಂತಿವೆ, ತೆಗೆದುಹಾಕುವ ಪಟ್ಟಿಯೂ ಉದ್ದ ಇದೆ. ಇನ್ನೂ ವೈ ಒತ್ತಿಲ್ಲ. ಮುಂದೇನು?

ಪಿನ್‌ಪ್ರಿಯ:
ಒತ್ತಬೇಡಿ. ಲಿಬ್‌ಸಿ6 ಒಮ್ಮೆ ಮೇಲೆ ಹೋದರೆ ಕೆಳಗಿಳಿಸುವ ಸುರಕ್ಷಿತ ದಾರಿ ಇಲ್ಲ. ಡೌನ್‌ಗ್ರೇಡ್‌ಗೆ ಡೆಬಿಯನ್ ಬೆಂಬಲವನ್ನೇ ಕೊಡೋದಿಲ್ಲ.

ಕಾರಣ ಟೂಲ್‌ನ ಆವೃತ್ತಿಯಲ್ಲ, ಅದನ್ನು ಬಿಲ್ಡ್ ಮಾಡಿದ ಜಾಗ. 12ರಲ್ಲಿ ಗ್ಲಿಬ್‌ಸಿ (ಲಿಬ್‌ಸಿ6 ಒಳಗಿರೋ, ಬಹುತೇಕ ಎಲ್ಲ ಪ್ರೋಗ್ರಾಂಗಳೂ ಬಳಸೋ ಸಿ ಲೈಬ್ರರಿ) 2.36, 13ರಲ್ಲಿ 2.41. ಬಿಲ್ಡ್ ಆಗುವಾಗ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಬೈನರಿಯೊಳಗಿನ ಸಿಂಬಲ್‌ಗಳನ್ನು (ಲೈಬ್ರರಿಯಿಂದ ಕರೆಯೋ ಫಂಕ್ಷನ್‌ಗಳ ಹೆಸರು) ನೋಡಿ, ಬೇಕಾದ ಲೈಬ್ರರಿಯ ಕನಿಷ್ಠ ಆವೃತ್ತಿ ಬರೆದುಬಿಡುತ್ತೆ. ಕೋಡ್‌ನಲ್ಲಿ ಇರೋದು ಹಳೇ ಸ್ಟ್ರ್‌ಟೋಲ್ (ಪಠ್ಯವನ್ನು ಸಂಖ್ಯೆ ಮಾಡೋ ಸಿ ಫಂಕ್ಷನ್) ಕರೆಯೇ ಆದರೂ, ಹೊಸ ಹೆಡರ್‌ಗಳ ಜೊತೆ ಕಂಪೈಲ್ ಆದಾಗ ಅದು "ಐಸೊಸಿ23" ಹೆಸರಿನ ಸಿಂಬಲ್‌ಗೆ ತಿರುಗಿಕೊಳ್ಳಬಹುದು. ಆ ಸಿಂಬಲ್ ಬಂದಿದ್ದೇ 2.38ರಲ್ಲಿ. ಅಲ್ಲಿಗೆ ನಿಮ್ಮ 2.36 ಸಾಲದು. ಟಿ64 ಬಾಲ 64-ಬಿಟ್ ಟೈಮ್_ಟಿ (ಸಮಯ ಇಟ್ಟುಕೊಳ್ಳೋ ಸಿ ಟೈಪ್) ಬದಲಾವಣೆಯದು: ಲೈಬ್ರರಿ ಪ್ಯಾಕೇಜುಗಳ ಹೆಸರೇ ಬದಲಾಗಿ, ಹಳೇ ಹೆಸರಿನವು ಜಾಗ ಬಿಡಬೇಕಾಗುತ್ತೆ.

ಟ್ರಿಕ್ಸಿ ಸಾಲು ತೆಗೆದು ಆಪ್ಟ್ ಅಪ್‌ಡೇಟ್ ಮಾಡಿ. ಬದಲಿಗೆ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಗಳನ್ನು 12ಕ್ಕಾಗಿಯೇ ಮತ್ತೆ ಬಿಲ್ಡ್ ಮಾಡಿಟ್ಟ ರೆಪೊ) ಸೇರಿಸಿ, ಆಪ್ಟ್ ಪಾಲಿಸಿ ಕೊಟ್ಟು ನೋಡಿ. ಅದರ ಆದ್ಯತೆ 100, ಮಾಮೂಲಿ ರೆಪೊದ್ದು 500, ಹಾಗಾಗಿ ಕೇಳದೆ ಏನೂ ಒಳಗೆ ಬರೋದಿಲ್ಲ. "-ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್" ಕೊಟ್ಟಾಗ ಮಾತ್ರ ಆ ಒಂದು ಸಲಕ್ಕೆ 990. ಹಾಕಿಕೊಂಡ ಮೇಲೆ ಅದೇ ರೆಪೊದಿಂದ ಅಪ್‌ಗ್ರೇಡ್ ತಾನಾಗಿಯೇ ಬರುತ್ತೆ. ಆದ್ಯತೆಯನ್ನು 500ಕ್ಕೆ ಏರಿಸುವ ಪಿನ್ (ಆದ್ಯತೆ ಬದಲಿಸೋ ಸೆಟ್ಟಿಂಗ್) ಸಲಹೆ ಎಲ್ಲಾದರೂ ಕಂಡರೆ ದಾಟಿಕೊಂಡು ಹೋಗಿ.

ಇನ್ನೊಂದು, ಬ್ಯಾಕ್‌ಪೋರ್ಟ್‌ಗಳ ಭದ್ರತಾ ತಿದ್ದುಪಡಿ ನೋಡೋದು ಸೆಕ್ಯುರಿಟಿ ತಂಡವಲ್ಲ, ಆಯಾ ಪ್ಯಾಕೇಜು ನೋಡಿಕೊಳ್ಳುವವರು. ಅಂತರ್ಜಾಲಕ್ಕೆ ತೆರೆದ ಸೇವೆಯಾದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಪ್ಪುಪರದೆ:
ಸಾಲು ತೆಗೆದೆ, ಥ್ಯಾಂಕ್ಸ್. ಆದರೆ ಬ್ಯಾಕ್‌ಪೋರ್ಟ್ಸ್‌ನಲ್ಲಿ ಆ ಟೂಲ್ ಇಲ್ಲವೇ ಇಲ್ಲ.

ಮರುಕಟ್ಟು:
ಹಾಗಾದರೆ ನೀವೇ 12ರ ಮೇಲೆ ಬಿಲ್ಡ್ ಮಾಡಿ. ಟ್ರಿಕ್ಸಿಯ ಡೆಬ್-ಎಸ್‌ಆರ್‌ಸಿ (ಮೂಲ ಕೋಡ್‌ನ) ಸಾಲು ಮಾತ್ರ ಸೇರಿಸಿದರೆ ತೊಂದರೆ ಇಲ್ಲ, ಅದರಿಂದ ಬೈನರಿ ಬರೋದಿಲ್ಲ. ಡೆವ್‌ಸ್ಕ್ರಿಪ್ಟ್ಸ್ ಮತ್ತು ಈಕ್ವಿವ್ಸ್ ಹಾಕಿಕೊಳ್ಳಿ. ಆಪ್ಟ್ ಸೋರ್ಸ್‌ನಿಂದ ಮೂಲ ತನ್ನಿ, ಎಂಕೆ-ಬಿಲ್ಡ್-ಡೆಪ್ಸ್‌ನಿಂದ ಬಿಲ್ಡ್ ಅವಲಂಬನೆ ತುಂಬಿಸಿ, ಆವೃತ್ತಿ ಸಂಖ್ಯೆ ಬದಲಿಸೋ ಡಿಸಿಎಚ್‌ಗೆ "--ಬಿಪಿಒ" ಕೊಡಿ, ಆಮೇಲೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್. ಆಗುವುದಾದರೆ ಇದನ್ನೆಲ್ಲ ಎಸ್‌ಬಿಲ್ಡ್‌ನ ಖಾಲಿ ಕ್ರೂಟ್‌ನಲ್ಲಿ (ಸರ್ವರ್‌ನ ಸಿಸ್ಟಮ್‌ನಿಂದ ಬೇರೆಯಾಗಿಟ್ಟ ಪುಟ್ಟ ಡೆಬಿಯನ್) ಮಾಡಿ. ಸರ್ವರ್ ಮೇಲೇ ಮಾಡಿದರೆ ಅಲ್ಲಿ ಬಿದ್ದಿರೋ ಯಾವುದೋ ಲೈಬ್ರರಿಯನ್ನು ಕಾನ್ಫಿಗರ್ ಹುಡುಕಿ ಹಿಡಿದು, ಬೇಡದ ಅವಲಂಬನೆ ಅಂಟಿಕೊಳ್ಳುತ್ತೆ.

ಡಿಸಿಎಚ್ ಹೆಜ್ಜೆ ಬಿಡಬೇಡಿ. 2.1-1 ಇದ್ದದ್ದು 2.1-1~ಬಿಪಿಒ12+1 ಆಗುತ್ತೆ. ಡಿಪಿಕೆಜಿ ಲೆಕ್ಕದಲ್ಲಿ ಟಿಲ್ಡೆ (~) ಏನೂ ಇಲ್ಲದ್ದಕ್ಕಿಂತಲೂ ಚಿಕ್ಕದು, ಹಾಗಾಗಿ ನಾಳೆ 13ಕ್ಕೆ ಹೋದಾಗ ಅಲ್ಲಿನ 2.1-1 ಇದರ ಮೇಲೆ ತಾನಾಗಿ ಕೂರುತ್ತೆ. ಟಿಲ್ಡೆ ಬದಲು 2.1-1+ನಮ್ಮದು1 ಅಂತ ಇಟ್ಟರೆ ನಿಮ್ಮದೇ ದೊಡ್ಡದಾಗಿ, 12ರ ಬೈನರಿ 13ರಲ್ಲೂ ಕೂತೇ ಇರುತ್ತೆ.

ಕಪ್ಪುಪರದೆ:
ಎಂಕೆ-ಬಿಲ್ಡ್-ಡೆಪ್ಸ್ ನಿಂತಿತು. 12ರಲ್ಲಿರೋ ಒಂದು -ಡೆವ್ ಪ್ಯಾಕೇಜು (ಬಿಲ್ಡ್‌ಗೆ ಬೇಕಾದ ಹೆಡರ್‌ಗಳದ್ದು) ಹಳೆಯದು ಅಂತಿದೆ. ಅವಲಂಬನೆ ಪಟ್ಟಿ ಇರೋ ಕಂಟ್ರೋಲ್ ಫೈಲ್‌ನಲ್ಲಿ ಆ ಆವೃತ್ತಿ ಸಂಖ್ಯೆ ಇಳಿಸಬಹುದಾ?

ಮರುಕಟ್ಟು:
ಮೊದಲು ಮೂಲದ ಮೆಸಾನ್ ಅಥವಾ ಸಿಮೇಕ್ ಬಿಲ್ಡ್ ಫೈಲ್ ತೆರೆದು ನೋಡಿ. ಅಲ್ಲಿ ಕಡಿಮೆ ಆವೃತ್ತಿ ಸಾಕು ಅಂತಿದ್ದರೆ ಕಂಟ್ರೋಲ್‌ನಲ್ಲಿ ಇಳಿಸಿ, ಬಿಲ್ಡ್ ಪರೀಕ್ಷೆಗಳನ್ನು ಓಡಿಸಿ. ನೋಚೆಕ್ (ಪರೀಕ್ಷೆ ಬಿಟ್ಟುಬಿಡೋ ಆಯ್ಕೆ) ಹಾಕಿ ತಪ್ಪಿಸಿಕೊಳ್ಳಬೇಡಿ. ಅಲ್ಲೂ ಅದೇ ಸಂಖ್ಯೆ ಇದ್ದರೆ ಆ ಲೈಬ್ರರಿಯನ್ನೂ ಹೀಗೇ ಬ್ಯಾಕ್‌ಪೋರ್ಟ್ ಮಾಡಬೇಕು. ಆಗ ಅದರ ಸೋನೇಮ್ (ಪ್ರೋಗ್ರಾಂಗಳು ಲೈಬ್ರರಿಯನ್ನು ಹುಡುಕೋ ಹೆಸರು) ಬದಲಾಗಿದೆಯಾ ನೋಡಿ. ಬದಲಾಗಿದ್ದರೆ ಹೊಸತು ಹಳೆಯದರ ಪಕ್ಕದಲ್ಲೇ ಕೂರುತ್ತೆ. ಬದಲಾಗದಿದ್ದರೆ ಸಿಸ್ಟಮ್‌ನ ಉಳಿದ ಪ್ರೋಗ್ರಾಂಗಳೂ ನಿಮ್ಮ ಬಿಲ್ಡನ್ನೇ ಬಳಸುತ್ತವೆ, ಅದರ ಜವಾಬ್ದಾರಿ ನಿಮ್ಮದು.

ಪಿನ್‌ಪ್ರಿಯ:
ಸರಪಳಿ ಎರಡು ಲೈಬ್ರರಿ ದಾಟಿತು ಅಂದರೆ ನಾನಂತೂ ಕೈಬಿಡ್ತೀನಿ. ಪಾಡ್‌ಮನ್‌ನಲ್ಲಿ ಟ್ರಿಕ್ಸಿ ಕಂಟೇನರ್ ಎಬ್ಬಿಸಿ ಟೂಲನ್ನು ಅದರೊಳಗೇ ಓಡಿಸಿ. ಕರ್ನಲ್ ಒಂದು ಬಿಟ್ಟು ಗ್ಲಿಬ್‌ಸಿಯಿಂದ ಹಿಡಿದು ಎಲ್ಲವೂ ಅದರದ್ದೇ, ಹೊರಗಿನ 12 ಅಲುಗೋದಿಲ್ಲ.